ಕ್ಯಾಮರಾ ಧಾರವಾಡಕ್ಕೆ ಬಂದಿತ್ತು, ಸೂಪಾಕ್ಕೆ ಬರಲಿಲ್ಲ

ಮೊದಲು ನಮ್ಮ ತಪ್ಪನ್ನು ಹೇಳಿಕೊಳ್ಳುತ್ತೇವೆ. ಓದುವ ದಿನಗಳಲ್ಲಿ ನಾವು ಕೆಲವರು ಸೇರಿ ಒಂದು ಗೋಡೆಪತ್ರಿಕೆ ತರುತ್ತಿದ್ದೆವು. ಒಂದು ಆಗಸ್ಟ್ ಸಂಚಿಕೆಗೆ 1858-59ರ ಸೂಪಾ ಬಂಡಾಯದ ಬಗ್ಗೆ ಬರೆದೆವು. ಬರಹ ಪರವಾಗಿರಲಿಲ್ಲ. ಆದರೆ ಚಿತ್ರವಿಲ್ಲದ ಪುಟ ಯಾರೂ ಓದುವುದಿಲ್ಲ ಎಂಬ ಆತಂಕ. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಗಲ್ಲುಗಂಬಕ್ಕೆ ನೇತಾಡುವ ಇಬ್ಬರು, ಸುತ್ತ ನಿಂತ ಸಿಪಾಯಿಗಳು ಇರುವ ಹಳೆಯ ಫೋಟೊ ಸಿಕ್ಕಿತು. ಅದನ್ನು ಅಂಟಿಸಿ, ಕೆಳಗೆ ‘ಸೂಪಾದ ಬಂಡುಕೋರರಿಗೆ ಗಲ್ಲು’ ಎಂದು ಬರೆದುಬಿಟ್ಟೆವು.

ಆ ಪುಟದ ಪ್ರತಿಯೊಂದನ್ನು ಹಳಿಯಾಳದ ಕಡೆಯ ಒಂದು ಸಿದ್ದಿ ಕೇರಿಗೆ ಒಯ್ದಿದ್ದೆವು. ಹೆಮ್ಮೆಯಿಂದಲೇ ಒಯ್ದಿದ್ದೆವು ಅನ್ನಿ. ಅಲ್ಲಿಯ ಹಿರಿಯರೊಬ್ಬರು ಅದನ್ನು ಬಹಳ ಹೊತ್ತು ನೋಡಿದರು. ‘ಇವರು ನಮ್ಮ ಕಡೆಯವರಲ್ಲ ಅನಿಸ್ತದೆ. ಇದರಾಗ ಒಂದು ಮರಾನೂ ಕಾಣೂದಿಲ್ಲಲ್ಲ’ ಅಂದರು. ಅಷ್ಟೇ. ಸಿಟ್ಟಾಗಲಿಲ್ಲ, ನಗಲೂ ಇಲ್ಲ.

ಅವರು ಹೇಳಿದ್ದು ಸರಿಯಾಗಿತ್ತು. ಆ ಚಿತ್ರ ಸೂಪಾದ್ದಲ್ಲ, ಉತ್ತರ ಭಾರತದ್ದು. ಇಟಲಿ ಮೂಲದ ಫೆಲಿಸ್ ಬಿಯಾಟೊ ಎಂಬ ಛಾಯಾಗ್ರಾಹಕ 1858ರಲ್ಲಿ ಲಖನೌ ಕಡೆ ತಿರುಗಾಡಿದಾಗ ತೆಗೆದದ್ದು. ನೂರಾರು ಮೈಲಿ ಆಚೆಯ ಇಬ್ಬರು ಸತ್ತವರ ಮುಖವನ್ನು ನಾವು ನಮ್ಮ ಊರಿನ ಸತ್ತವರಿಗೆ ಅಂಟಿಸಿದ್ದೆವು. ಹಾಗಾದರೆ ನಮ್ಮ ಊರಿನವರ ಚಿತ್ರ ಎಲ್ಲಿ, ಅದೇ ವರ್ಷಗಳಲ್ಲಿ ಕ್ಯಾಮರಾ ಎಲ್ಲಿತ್ತು, ಏನು ಮಾಡುತ್ತಿತ್ತು ಎಂದು ಹುಡುಕಲು ಹೊರಟದ್ದು ಆ ನಾಚಿಕೆಯಿಂದ. ಈ ಬರಹ ಆ ಹುಡುಕಾಟದ್ದು.

ಯುದ್ಧದ ಫೋಟೊ ಅಂದರೆ ಪತ್ರಿಕೋದ್ಯಮ ಓದಿದವರಿಗೆಲ್ಲ ನೆನಪಾಗುವುದು ಎರಡು ಮೂರು ಹೆಸರು. 1855ರಲ್ಲಿ ಕ್ರಿಮಿಯಾಕ್ಕೆ ಹೋದ ರೋಜರ್ ಫೆಂಟನ್. ವೈನ್ ವ್ಯಾಪಾರಿಯ ಗಾಡಿಯೊಂದನ್ನು ಕತ್ತಲೆಕೋಣೆ ಮಾಡಿಕೊಂಡು ಹೋಗಿ ಸುಮಾರು 360 ಚಿತ್ರ ತಂದ. ಅದರಲ್ಲಿ ಸೈನಿಕರು, ಡೇರೆ, ತೋಪು, ಬಂದರು ಎಲ್ಲ ಉಂಟು, ಹೆಣ ಮಾತ್ರ ಇಲ್ಲ. ಆಮೇಲೆ ಅಮೆರಿಕದ ಅಂತರ್ಯುದ್ಧ, ಅಂದರೆ 1861ರಿಂದ 1865. ಅಲ್ಲಿ ಮ್ಯಾಥ್ಯೂ ಬ್ರೇಡಿಯ ಹೆಸರು ದೊಡ್ಡದು, ಕಷ್ಟಪಟ್ಟವರು ಬೇರೆ. 1862ರ ಸೆಪ್ಟೆಂಬರ್ 17ರಂದು ಆಂಟಿಟಮ್ ಎಂಬಲ್ಲಿ ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000 ಮಂದಿ. ಯುದ್ಧ ಮುಗಿದ ಎರಡು ದಿನಕ್ಕೆ ಬ್ರೇಡಿಯ ಕೆಲಸಗಾರ ಅಲೆಕ್ಸಾಂಡರ್ ಗಾರ್ಡ್ನರ್ ಅಲ್ಲಿ ಬೇಲಿಯ ಪಕ್ಕ ಸಾಲಾಗಿ ಬಿದ್ದ ಹೆಣಗಳನ್ನು ತೆಗೆದ. ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಬ್ರೇಡಿಯ ಗ್ಯಾಲರಿಯಲ್ಲಿ ಜನ ಅದನ್ನು ಸಾಲುಗಟ್ಟಿ ನೋಡಿದರು. ಮನೆಯಲ್ಲಿ ಕೂತವರು ತಮ್ಮ ಯುದ್ಧದ ಹೆಣಗಳನ್ನು ಚಿತ್ರದಲ್ಲಿ ಕಂಡದ್ದು ಅಮೆರಿಕದಲ್ಲಿ ಅದೇ ಮೊದಲು.

ಪಾಠ ಇಲ್ಲಿಗೆ ಮುಗಿಯುತ್ತಿತ್ತು. ಫೆಂಟನ್ ಮತ್ತು ಗಾರ್ಡ್ನರ್ ನಡುವೆ ಏಳು ವರ್ಷ ಇದೆ. ಆ ಏಳು ವರ್ಷದ ನಡುವೆಯೇ ನಮ್ಮ ಕಾಡಿನಲ್ಲಿ ಒಂದು ಯುದ್ಧ ನಡೆದಿತ್ತು ಎಂದು ಆಗ ನಮಗೆ ಹೊಳೆಯಲಿಲ್ಲ.

ಅನಮೋಡ ಗೊತ್ತಿಲ್ಲದವರಿಗೆ ಒಂದು ಮಾತು. ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿ ಜೋಯಿಡಾ ತಾಲೂಕಿನ ಕಾಡು ಹೊಕ್ಕು, ಘಟ್ಟ ಇಳಿಯುವ ಮೊದಲು ಸಿಗುವ ಕೊನೆಯ ಕರ್ನಾಟಕದ ಊರು ಇದು. ತನಿಖಾ ಠಾಣೆ, ಸಾಲು ಲಾರಿ, ಚಹಾದಂಗಡಿ. ಇಳಿದರೆ ಗೋವಾದ ಮೊಲ್ಲೆಮ್. ಮಳೆಗಾಲದಲ್ಲಿ ಹೋದರೆ ಮಧ್ಯಾಹ್ನವೇ ಗಾಡಿಗಳು ದೀಪ ಹಾಕಿಕೊಂಡು ಬರುತ್ತವೆ. ಕಳೆದ ಬಾರಿ ನಾವು ಅಲ್ಲಿ ನಿಂತು ಮೊಬೈಲಿನಲ್ಲಿ ಘಟ್ಟದ ಚಿತ್ರ ತೆಗೆದೆವು. ಬಂದದ್ದು ಬರೀ ಬಿಳಿ ಮಂಜು ಮತ್ತು ಎರಡು ಮರದ ಬುಡ. ಈ ಚಿತ್ರದ ಮಾತು ಮುಂದೆ ಬರುತ್ತದೆ, ನೆನಪಿರಲಿ.

ಈ ಗಡಿಯ ಉದ್ದಕ್ಕೂ, ಅಂದಿನ ಸೂಪಾ ತಾಲೂಕಿನಲ್ಲಿ, 1858ರಲ್ಲಿ ಬಂಡಾಯ ಎದ್ದಿತು. ಅದರ ಬೇರು ಸಾವಂತವಾಡಿಯಲ್ಲಿತ್ತು. 1844-45ರಲ್ಲಿ ಕೊಲ್ಹಾಪುರ-ಸಾವಂತವಾಡಿ ಕಡೆಯ ಗಡಕರಿಗಳು ಬ್ರಿಟಿಷರ ವಿರುದ್ಧ ಎದ್ದಾಗ ಫೋಂಡ ಸಾವಂತ ಮತ್ತು ಅವನ ಮಕ್ಕಳು ಸೋತು ಪೋರ್ಚುಗೀಸರ ಗೋವಾ ಸೇರಿದ್ದರು. ಹದಿಮೂರು ವರ್ಷದ ಮೇಲೆ ಉತ್ತರದಲ್ಲಿ ಸಿಪಾಯಿಗಳು ಎದ್ದ ಸುದ್ದಿ ಹಬ್ಬಿದಾಗ ಆ ಮಕ್ಕಳು ಗಡಿ ದಾಟಿ ಸೂಪಾದ ಕಾಡಿಗೆ ಬಂದರು. ಸ್ಥಳೀಯರಾದ ಫಡ್ನೀಸ ಸಹೋದರರು ಸೇರಿಕೊಂಡರು. ಸಿದ್ದಿಗಳು ಸೇರಿಕೊಂಡರು, ಅವರಲ್ಲಿ ಬಾಸ್ತ್ಯಾಂವ್ ಎಂಬವನ ಹೆಸರು ದಾಖಲೆಯಲ್ಲಿ ಉಳಿದಿದೆ. ಸರ್ಕಾರಿ ನಾಕೆಗಳಿಗೆ ಬೆಂಕಿ ಬಿತ್ತು. ಗೋವಾ ಗಡಿಗೆ ಅಂಟಿಕೊಂಡ ದರ್ಶನಿಗುಡ್ಡ ಅವರ ನೆಲೆಯಾಯಿತು. ಸೇನೆ ಬಂದರೆ ಗಡಿಯಾಚೆ, ಸೇನೆ ಹೋದರೆ ಈಚೆ. ಹೀಗೆ 1859ರವರೆಗೂ ನಡೆಯಿತು. ಝಾನ್ಸಿ, ಲಖನೌಗಳ ಹೋರಾಟ ಮುಗಿದ ಮೇಲೂ ಇಲ್ಲಿ ಗುಂಡಿನ ಸದ್ದು ನಿಂತಿರಲಿಲ್ಲ.

ಈಗ ಕ್ಯಾಮರಾ. ನಾವು ಅಂದುಕೊಂಡಿದ್ದು, ‘ಆಗ ಈ ಕಡೆ ಕ್ಯಾಮರಾ ಎಲ್ಲಿ ಬಂದಿತ್ತು’ ಎಂದು. ಬಂದಿತ್ತು! ಅದೂ ಮೂರು ನಾಲ್ಕು ವರ್ಷ ಮೊದಲೇ.

1854ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ಛಾಯಾಗ್ರಹಣ ಸಂಘವೇ ಶುರುವಾಗಿತ್ತು. ಮರುವರ್ಷ ಮುಂಬಯಿ ಸರ್ಕಾರ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬವನನ್ನು ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಆತ ಬಿಜಾಪುರ, ಬಾದಾಮಿ, ಐಹೊಳೆ ಸುತ್ತಿದ. ವರ್ಷದ ಕೊನೆಗೆ ಸೇನೆ ಅವನನ್ನು ವಾಪಸು ಕರೆಸಿಕೊಂಡಾಗ ಡಾಕ್ಟರ್ ವಿಲಿಯಂ ಹೆನ್ರಿ ಪಿಗೌ ಎಂಬ ಸೇನಾ ವೈದ್ಯ ಆ ಕೆಲಸಕ್ಕೆ ಬಂದ. ಹಾವೇರಿ, ಗಳಗನಾಥ, ಚೌಡದಾನಪುರ ಎಂದು ಅಂದಿನ ಧಾರವಾಡ ಜಿಲ್ಲೆಯ ಗುಡಿಗಳನ್ನು ಒಂದೊಂದಾಗಿ ತೆಗೆದ. ಇತ್ತ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೇನೆಯ ಅಧಿಕಾರಿ 1856ರ ಹೊತ್ತಿಗೆ ಹಂಪಿಯಲ್ಲಿ ಮೇಣದ ಕಾಗದದ ದೊಡ್ಡ ದೊಡ್ಡ ನೆಗೆಟಿವ್‌ಗಳಲ್ಲಿ ಹಾಳು ಪಟ್ಟಣವನ್ನು ಹಿಡಿದಿದ್ದ. ಒಂದು ರೀತಿಯಲ್ಲಿ ನೋಡಿದರೆ ಅವು ಯುದ್ಧಭೂಮಿಯ ಚಿತ್ರಗಳೇ. 1565ರ ಯುದ್ಧ ಮುಗಿದು 290 ವರ್ಷ ಆಗಿತ್ತು, ಅಷ್ಟೇ.

ಧಾರವಾಡದಿಂದ ಹಳಿಯಾಳಕ್ಕೆ ಇಂದು ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಂದಿನ ಲೆಕ್ಕದಲ್ಲಿ ಎತ್ತಿನ ಗಾಡಿಗೆ ಒಂದೆರಡು ದಿನ ಇದ್ದೀತು. ಹಳಿಯಾಳದಲ್ಲಿ ಕೋಟೆ ಇತ್ತು, ಅವಶೇಷ ಈಗಲೂ ಇದೆ. ಆದರೂ ಕ್ಯಾಮರಾ ಆ ಗಡಿ ದಾಟಲಿಲ್ಲ. ಕಾರಣ ಆಡಳಿತದ್ದು ಎಂದು ನಮಗೆ ಅನಿಸುತ್ತದೆ. ಧಾರವಾಡ, ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದವು. ಸೂಪಾ ಸೇರಿದಂತೆ ಇಡೀ ಕೆನರಾ ಆಗ ಮದ್ರಾಸ್ ಪ್ರಾಂತದ್ದು. ಉತ್ತರ ಕನ್ನಡ ಮುಂಬಯಿಗೆ ಸೇರಿದ್ದು 1862ರಲ್ಲಿ. ಮುಂಬಯಿಯ ಛಾಯಾಗ್ರಾಹಕನಿಗೆ ಸೂಪಾ ಇನ್ನೊಬ್ಬರ ಹೊಲ.

ಹಾಗಾದರೆ ಮದ್ರಾಸಿನ ಛಾಯಾಗ್ರಾಹಕ? ಅವನೂ ಇದ್ದ. ಲಿನಿಯಸ್ ಟ್ರೈಪ್. ಅಂದಿನ ಇಂಡಿಯಾದಲ್ಲಿ ಇವನಷ್ಟು ಚೆನ್ನಾಗಿ ಚಿತ್ರ ತೆಗೆದವರು ಕಡಿಮೆ. 1854ರಲ್ಲೇ ಹಳೇಬೀಡು, ಬೇಲೂರು, ಶ್ರವಣಬೆಳಗೊಳ ಮಾಡಿ ಮುಗಿಸಿದ್ದ. ಆಮೇಲೆ ಮದ್ರಾಸ್ ಸರ್ಕಾರದ ಛಾಯಾಗ್ರಾಹಕನಾಗಿ ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದ. 1857ರ ಡಿಸೆಂಬರ್‌ನಲ್ಲಿ ಎತ್ತಿನ ಗಾಡಿಗಳಲ್ಲಿ ಸಾಮಾನು ತುಂಬಿಕೊಂಡು ದೊಡ್ಡ ಪ್ರವಾಸ ಹೊರಟ. ಹೊರಟದ್ದು ದಕ್ಷಿಣಕ್ಕೆ. ರಾಯಕೋಟೆ, ಶ್ರೀರಂಗಂ, ಮಧುರೆ, ಪುದುಕೋಟೆ, ತಂಜಾವೂರು ಮಾಡಿ ಏಪ್ರಿಲ್ ಕೊನೆಗೆ ಮದ್ರಾಸ್ ಮುಟ್ಟಿದ. ಅಂದರೆ ಸೂಪಾದಲ್ಲಿ ನಾಕೆಗಳಿಗೆ ಬೆಂಕಿ ಬೀಳುವ ಕಾಲಕ್ಕೆ ಸೂಪಾದ ಮೇಲಿನ ಸರ್ಕಾರದ ಅಧಿಕೃತ ಕ್ಯಾಮರಾ ತಮಿಳುನಾಡಿನ ಗೋಪುರಗಳ ಮುಂದೆ ಮೂರು ಕಾಲಿನ ಮೇಲೆ ನಿಂತಿತ್ತು. ಆ ಪ್ರವಾಸದಲ್ಲಿ ಅವನು ರಾಯಕೋಟೆಯ ಬೆಟ್ಟದ ಕೋಟೆಯನ್ನೂ ತೆಗೆದಿದ್ದಾನೆ. 1791ರಲ್ಲಿ ಟಿಪ್ಪುವಿನಿಂದ ಬ್ರಿಟಿಷರು ಕಸಿದುಕೊಂಡ ಕೋಟೆ ಅದು. ಬಂಡೆ, ಗೋಡೆ, ಒಂದು ಖಾಲಿ ಬಯಲು. ನೋಡಲು ಶಾಂತವಾಗಿದೆ. ಗೆದ್ದು ಅರವತ್ತು ವರ್ಷವಾದ ಕೋಟೆ ಹೀಗೆಯೇ ಕಾಣುತ್ತದೇನೋ.

ಬರೀ ಆಡಳಿತದ ಗೆರೆಯ ಮೇಲೆ ತಪ್ಪು ಹೊರಿಸುವುದೂ ಸರಿಯಲ್ಲ. ಅಂದಿನ ಫೋಟೊ ತೆಗೆಯುವ ಕೆಲಸ ಹೇಗಿತ್ತು ನೋಡಿ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಕಂಡುಹಿಡಿದ ಒದ್ದೆ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಮೇಲೆ ಅಂಟುದ್ರವ ಸವರಬೇಕು, ಬೆಳ್ಳಿಯ ದ್ರಾವಣದಲ್ಲಿ ಅದ್ದಬೇಕು, ಒಣಗುವ ಮೊದಲೇ ಚಿತ್ರ ತೆಗೆದು, ಒಣಗುವ ಮೊದಲೇ ತೊಳೆಯಬೇಕು. ಎಲ್ಲ ಸೇರಿ ಹತ್ತು ಹದಿನೈದು ನಿಮಿಷದ ಆಟ. ನಮ್ಮ ಸೆಕೆಯಲ್ಲಿ ಅದಕ್ಕೂ ಕಡಿಮೆ. ಹಾಗಾಗಿ ಕತ್ತಲೆ ಡೇರೆ, ನೀರು, ರಾಸಾಯನಿಕದ ಬಾಟಲಿ, ಗಾಜಿನ ಪೆಟ್ಟಿಗೆ ಎಲ್ಲ ಕ್ಯಾಮರಾದ ಪಕ್ಕದಲ್ಲೇ ಇರಬೇಕು. ಮೇಣದ ಕಾಗದದ ವಿಧಾನದಲ್ಲಿ ಕಾಗದವನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಬಹುದಿತ್ತು. ಆದರೆ ಬೆಳಕು ಬೀಳಬೇಕಾದ ಸಮಯ ನಿಮಿಷಗಟ್ಟಲೆ. ಗುಡಿ ಅಲ್ಲಾಡುವುದಿಲ್ಲ, ಕೋಟೆ ಅಲ್ಲಾಡುವುದಿಲ್ಲ, ಹೆಣ ಅಲ್ಲಾಡುವುದಿಲ್ಲ. ಉಳಿದ ಯಾವುದನ್ನೂ ಆ ಕ್ಯಾಮರಾ ಕಾಣುತ್ತಿರಲಿಲ್ಲ. ಆಂಟಿಟಮ್ ಚಿತ್ರಗಳಲ್ಲಿ ಯುದ್ಧವಿಲ್ಲ, ಯುದ್ಧದ ಮರುದಿನಗಳಿವೆ ಎಂಬುದಕ್ಕೆ ಕಾರಣ ಇದೇ.

ಇದನ್ನು ದರ್ಶನಿಗುಡ್ಡದಲ್ಲಿ ಇಟ್ಟು ನೋಡಿ. ಮರದ ನೆರಳಿನ ಕಾಡು, ನೆಲಕ್ಕೆ ಬೆಳಕೇ ಬೀಳದ ಜಾಗ. ಜೂನ್‌ನಿಂದ ನಾಲ್ಕು ತಿಂಗಳು ಬಿಡದ ಮಳೆ, ಕಾಗದಕ್ಕೆ ಬೂಸ್ಟು, ಗಾಜಿಗೆ ಬೆವರು. ನೂರಾರು ಜನ ಎದುರಾಬದುರಾ ನಿಲ್ಲುವ ಬಯಲಿಲ್ಲ. ಹತ್ತು ಜನ ಬಂದು, ಗುಂಡು ಹಾರಿಸಿ, ಮಾಯವಾಗುವ ಯುದ್ಧ. ಕೆಡವಿದ ಅರಮನೆ ಇಲ್ಲ, ತೂತುಬಿದ್ದ ಗೋಡೆ ಇಲ್ಲ. ಸುಟ್ಟ ನಾಕೆ ಅಂದರೆ ಹುಲ್ಲು ಹೊದಿಸಿದ ಒಂದು ಗುಡಿಸಲಿನ ಬೂದಿ. ನಮ್ಮ ಮೊಬೈಲಿಗೆ ಸಿಕ್ಕ ಬಿಳಿ ಮಂಜು ಮತ್ತು ಎರಡು ಮರದ ಬುಡವೇ ಟ್ರೈಪ್‌ನಂಥ ನುರಿತವನಿಗೂ ಸಿಗುತ್ತಿತ್ತು. ಬಂಡುಕೋರರನ್ನು ಸೇನೆಯಿಂದ ಕಾಪಾಡಿದ್ದು ಯಾವ ಕಾಡೋ, ನಮ್ಮ ಕಣ್ಣಿನಿಂದ ಮರೆಮಾಡಿದ್ದೂ ಅದೇ ಕಾಡು.

ಇನ್ನೊಂದು ಕಾರಣ ದುಡ್ಡು. ಬಿಯಾಟೊ ಲಖನೌಗೆ ಹೋದದ್ದು ಗಿರಾಕಿಗಳಿದ್ದರು ಎಂದು. ಗೆದ್ದ ಸೇನೆಯ ಅಧಿಕಾರಿಗಳು ಆಲ್ಬಂ ಕೊಳ್ಳುತ್ತಿದ್ದರು, ಲಂಡನ್ನಿನಲ್ಲಿ ಲಖನೌ ಹೆಸರು ಮನೆಮಾತಾಗಿತ್ತು. ಸೂಪಾದ ಹೆಸರು ಅಲ್ಲಿ ಯಾರು ಕೇಳಿದ್ದರು? ನರಗುಂದದ ಬಾಬಾಸಾಹೇಬ ಭಾವೆ 1858ರ ಮೇ ಕೊನೆಗೆ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದಾಗ ದೊಡ್ಡ ಗದ್ದಲವಾಯಿತು, ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಅಲ್ಲಿ ಕೋಟೆ ಇತ್ತು, ರಾಜ ಇದ್ದ, ಸತ್ತ ಬಿಳಿಯ ಅಧಿಕಾರಿ ಇದ್ದ. ಸೂಪಾದಲ್ಲಿ ಇದ್ದವರು ಊರುಬಿಟ್ಟ ಸರದಾರರ ಮಕ್ಕಳು, ಲೆಕ್ಕ ಬರೆಯುವ ಮನೆತನದವರು, ಗುಲಾಮರಾಗಿ ಬಂದವರ ಮೊಮ್ಮಕ್ಕಳು.

ದುಡ್ಡಿನ ಮಾತು ಬಂದಾಗ ಹುಡುಕಾಟದಲ್ಲಿ ನಮ್ಮನ್ನು ಬೆಚ್ಚಿಸಿದ ಒಂದು ಸಂಗತಿ ಹೇಳಲೇಬೇಕು. ಪಿಗೌ ಮತ್ತು ಅವನ ಜೊತೆಯವರ ಚಿತ್ರಗಳು ಹತ್ತು ವರ್ಷ ಪೆಟ್ಟಿಗೆಯಲ್ಲಿದ್ದು, 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲಿನ ದೊಡ್ಡ ಪುಸ್ತಕವಾಗಿ ಲಂಡನ್ನಿನಲ್ಲಿ ಹೊರಬಂದವು. ಅದಕ್ಕೆ ಆಸರೆಯಾದವನು ಮುಂಬಯಿಯ ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ಅವನಿಗೆ ಅಷ್ಟು ದುಡ್ಡು ಎಲ್ಲಿಂದ? ಅಮೆರಿಕದ ಅಂತರ್ಯುದ್ಧದಿಂದ. ಅಲ್ಲಿಯ ದಕ್ಷಿಣದ ಬಂದರುಗಳಿಗೆ ಉತ್ತರದವರು ತಡೆ ಹಾಕಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತು, ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಧಾರವಾಡದ ಹತ್ತಿ ನಮ್ಮ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ ಮುಂಬಯಿ ಸೇರುತ್ತಿತ್ತು. ಮುಂಬಯಿ ಪೇಟೆಯಲ್ಲಿ ಆ ಹತ್ತಿಗೆ ಕುಮಟಾದ ಹೆಸರೇ ಇತ್ತು. ಅಂದರೆ ಗಾರ್ಡ್ನರ್ ಹೆಣಗಳ ಚಿತ್ರ ತೆಗೆದ ಅದೇ ಯುದ್ಧ, ಅರ್ಧ ಭೂಮಿ ಸುತ್ತಿ ಬಂದು, ನಮ್ಮ ಗುಡಿಗಳ ಫೋಟೊ ಪುಸ್ತಕಕ್ಕೆ ಕೈಗೂಡಿಸಿತ್ತು.

ಆ ಪುಸ್ತಕಕ್ಕೆ ಚರಿತ್ರೆಯ ಭಾಗ ಬರೆದವನು ಮೆಡೋಸ್ ಟೇಲರ್. ಸುರಪುರದ ರಾಜಾ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ರಾಜ್ಯ ನೋಡಿಕೊಂಡವನು, ಹುಡುಗ ‘ಅಪ್ಪಾ’ ಎಂದು ಕರೆಯುತ್ತಿದ್ದವನು. ಅದೇ ಹುಡುಗ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಗುಂಡೇಟಿನಿಂದ ಸತ್ತ. ಇದೆಲ್ಲ ಕಂಡ ಮನುಷ್ಯ ಎಂಟು ವರ್ಷದ ಮೇಲೆ ಕನ್ನಡ ನಾಡಿನ ಗುಡಿಗಳ ಬಗ್ಗೆ ಬರೆದ. ಚಿತ್ರಗಳಲ್ಲಿ ಕಲ್ಲು ಚೆನ್ನಾಗಿ ಬಂದಿದೆ. ಕಂಬದ ಒಂದೊಂದು ಎಳೆ ಎಣಿಸಬಹುದು. ಅಲ್ಲಲ್ಲಿ ಅಳತೆಗೆಂದು ನಿಲ್ಲಿಸಿದ ಆಳು ಕಾಣುತ್ತಾನೆ, ಹೆಸರಿಲ್ಲದೆ.

ಬಂಡಾಯ ಅಡಗಿದ ಮೇಲೆ ಕ್ಯಾಮರಾ ಜನರ ಕಡೆಗೂ ತಿರುಗಿತು. ಗವರ್ನರ್ ಜನರಲ್ ಕ್ಯಾನಿಂಗ್ ಕಾಲದಲ್ಲಿ ಶುರುವಾದ ಸಂಗ್ರಹ 1868ರಿಂದ 1875ರೊಳಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟವಾಯಿತು. ಜಾತಿ, ಬುಡಕಟ್ಟು ಎಂದು ವಿಂಗಡಿಸಿದ ಮುಖಗಳು. ಕೆಲವರ ಕೆಳಗೆ 1857ರಲ್ಲಿ ನಿಷ್ಠರಾಗಿದ್ದರೋ ಇಲ್ಲವೋ ಎಂಬ ಷರಾ. ಈ ಕ್ಯಾಮರಾಕ್ಕೆ ಸಿಗುವುದಕ್ಕಿಂತ ಬಾಸ್ತ್ಯಾಂವ್ ಸಿಗದೇ ಹೋದದ್ದೇ ಲೇಸು ಎಂದು ನಮ್ಮಲ್ಲಿ ಒಬ್ಬರು ವಾದಿಸಿದರು. ಇನ್ನೊಬ್ಬರು ಒಪ್ಪಲಿಲ್ಲ. ಶತ್ರು ತೆಗೆದ ಚಿತ್ರವಾದರೂ ಇದ್ದರೆ ಮೊಮ್ಮಗ ಅದರಲ್ಲಿ ತನ್ನ ಮೂಗು ಹುಡುಕಿಕೊಳ್ಳುತ್ತಿದ್ದ ಎಂಬುದು ಅವರ ಮಾತು. ಈ ಜಗಳ ನಮ್ಮೊಳಗೆ ಇನ್ನೂ ಮುಗಿದಿಲ್ಲ.

ಇದ್ದಿದ್ದರೆ ಆ ಚಿತ್ರ ನಿಜ ಹೇಳುತ್ತಿತ್ತೇ ಎಂಬುದೂ ಪ್ರಶ್ನೆಯೇ. ಲಖನೌದ ಸಿಕಂದರ್‌ಬಾಗ್‌ನಲ್ಲಿ ಸುಮಾರು ಎರಡು ಸಾವಿರ ಸಿಪಾಯಿಗಳು ಸತ್ತದ್ದು 1857ರ ನವೆಂಬರ್‌ನಲ್ಲಿ. ಬಿಯಾಟೊ ಅಲ್ಲಿಗೆ ಮುಟ್ಟಿದ್ದು ನಾಲ್ಕು ತಿಂಗಳ ಮೇಲೆ. ಆದರೂ ಅವನ ಪ್ರಸಿದ್ಧ ಚಿತ್ರದಲ್ಲಿ ಮುರಿದ ಕಟ್ಟಡದ ಅಂಗಳದ ತುಂಬ ಎಲುಬು ಹರಡಿವೆ. ಚಿತ್ರಕ್ಕಾಗಿ ಅವನ್ನು ಹರಡಿಸಿದ ಎಂಬ ಆರೋಪ ಅಂದಿನಿಂದಲೂ ಇದೆ. ಗಾರ್ಡ್ನರ್ ಕೂಡ ಕಡಿಮೆಯವನಲ್ಲ. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಸತ್ತ ಯುವಕನೊಬ್ಬನ ಹೆಣವನ್ನು ಸುಮಾರು 40 ಗಜ ಹೊತ್ತು ತಂದು, ಕಲ್ಲಿನ ಗೋಡೆಯ ಮರೆಯಲ್ಲಿ ಮಲಗಿಸಿ, ಬಂದೂಕು ಒರಗಿಸಿ ಚಿತ್ರ ತೆಗೆದಿದ್ದ. ವಿಲಿಯಂ ಫ್ರಾಸನಿಟೊ ಎಂಬ ಇತಿಹಾಸಕಾರ ನೂರು ವರ್ಷದ ಮೇಲೆ ಬಂಡೆಗಳನ್ನು ಒಂದೊಂದಾಗಿ ಹೋಲಿಸಿ ಅದನ್ನು ಹಿಡಿದ. ಇದನ್ನು ಓದಿದಾಗ ನಮಗೆ ಸಮಾಧಾನವೇನೂ ಆಗಲಿಲ್ಲ. ನಾವು ಮಾಡಿದ್ದೂ ಅದೇ ತಾನೆ? ಗಾರ್ಡ್ನರ್ ಹೆಣವನ್ನು 40 ಗಜ ಸರಿಸಿದ, ನಾವು ಲಖನೌದಿಂದ ಸೂಪಾಕ್ಕೆ ಸರಿಸಿದೆವು.

ಅನಮೋಡ ಮತ್ತೆ ಯುದ್ಧ ಕಂಡದ್ದು 1961ರಲ್ಲಿ. ಡಿಸೆಂಬರ್ 18ರಂದು ಭಾರತೀಯ ಸೇನೆಯ 63ನೇ ಬ್ರಿಗೇಡ್ ಇಲ್ಲಿಂದಲೇ ಗೋವಾಕ್ಕೆ ಇಳಿಯಿತು. ಎರಡನೇ ಬಿಹಾರ್, ಮೂರನೇ ಸಿಖ್ ಪಡೆಗಳು ಎರಡು ಸಾಲಾಗಿ ಹೋಗಿ ಮೊಲ್ಲೆಮ್‌ನಲ್ಲಿ ಸೇರಿ, ಅಲ್ಲಿಂದ ಪೊಂಡಾ ಕಡೆ ನಡೆದವು. ತಡೆದದ್ದು ಗುಂಡಲ್ಲ, ಪೋರ್ಚುಗೀಸರು ಮುರಿದು ಹೋದ ಸೇತುವೆಗಳು. ಮರುದಿನ ರಾತ್ರಿ ಎಂಟೂವರೆಗೆ ಗವರ್ನರ್ ಜನರಲ್ ವಸಾಲೊ ಇ ಸಿಲ್ವಾ ಶರಣಾಗತಿಗೆ ಸಹಿ ಹಾಕಿದ. ಆ ಹೊತ್ತಿಗೆ ಕ್ಯಾಮರಾ ಕುತ್ತಿಗೆಗೆ ನೇತುಹಾಕುವಷ್ಟು ಚಿಕ್ಕದಾಗಿ, ರಾತ್ರಿಯಲ್ಲೂ ಕಾಣುವಂತಾಗಿತ್ತು. ಗೋವಾ ವಿಮೋಚನೆಯ ಚಿತ್ರಗಳು ಬೇಕಾದಷ್ಟಿವೆ. ಅವುಗಳಲ್ಲಿ ಸೈನಿಕರು ನಗುತ್ತಾರೆ ಕೂಡ. 1858ರ ಕ್ಯಾಮರಾದ ಮುಂದೆ ಅಷ್ಟು ಹೊತ್ತು ಯಾರೂ ನಗುತ್ತ ನಿಲ್ಲಲಾಗುತ್ತಿರಲಿಲ್ಲ.

ಸೂಪಾ ಊರಿಗೆ ಹೋಗಿ ನೋಡೋಣವೆಂದರೆ ಊರೂ ಇಲ್ಲ. ಕಾಳಿ ನದಿಗೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, 1980ರ ದಶಕದಲ್ಲಿ ಹಿನ್ನೀರು ಊರನ್ನು ಮುಳುಗಿಸಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು, ತಾಲೂಕಿನ ಹೆಸರೂ ಬದಲಾಯಿತು. ಬಂಡುಕೋರರ ಮುಖ ಯಾವತ್ತೂ ಚಿತ್ರವಾಗಲಿಲ್ಲ, ಅವರು ಓಡಾಡಿದ ಪೇಟೆ ನೀರಿನಡಿ ಇದೆ. ಈಗ ಉಳಿದದ್ದು ಸರ್ಕಾರಿ ಕಡತದ ಬರಹ, ಅದೂ ಹಿಡಿಯಲು ಬಂದವರು ಬರೆದದ್ದು.

ಆ ಹಿರಿಯರ ಹತ್ತಿರ ನಾವು ಮತ್ತೆ ಹೋಗಿದ್ದೆವು. ಗಲ್ಲಿನ ಚಿತ್ರ ಎಲ್ಲಿಯದು, ಯಾರು ತೆಗೆದದ್ದು ಎಂದು ವಿವರಿಸಿ ತಪ್ಪಾಯಿತು ಅಂದೆವು. ‘ಹಂಗಾರ ಅವರ ಊರಿನವರಿಗೆ ಗೊತ್ತದೋ ಇಲ್ಲೋ, ಇದು ತಮ್ಮವರ ಫೋಟೊ ಅಂತ?’ ಎಂದು ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಚಹಾ ಕುಡಿದು, ಅವರದೊಂದು ಚಿತ್ರ ತೆಗೆದು, ದಿನಾಂಕ ಮತ್ತು ಊರು ಹಿಂಬದಿಯಲ್ಲಿ ಬರೆದು ಪ್ರತಿ ಕಳಿಸಿದೆವು.

ಗೋಡೆಪತ್ರಿಕೆಯ ಆ ಹಳೆಯ ಪುಟ ನಮ್ಮ ಹತ್ತಿರ ಇನ್ನೂ ಇದೆ. ಚಿತ್ರದ ಕೆಳಗಿನ ಸಾಲು ಹೊಡೆದು ‘ಲಖನೌ ಕಡೆ, 1858, ಫೆಲಿಸ್ ಬಿಯಾಟೊ’ ಎಂದು ಬರೆದಿದ್ದೇವೆ. ಸೂಪಾ ಮುಳುಗುವ ಮೊದಲು ತೆಗೆದ ಪೇಟೆಯದೋ, ಮನೆಯದೋ, ಮದುವೆಯದೋ ಫೋಟೊ ನಿಮ್ಮ ಮನೆಯ ಟ್ರಂಕಿನಲ್ಲಿದ್ದರೆ ಹಿಂಬದಿಯಲ್ಲಿ ವರ್ಷ, ಊರು, ನಿಂತವರ ಹೆಸರು ಬರೆದಿಡಿ. ಬಣ್ಣ ಹೋಗಿದ್ದರೂ ಪರವಾಗಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ನಾವು ಆ ಕಡೆ ಹೋಗುವವರಿದ್ದೇವೆ, ನಿಮ್ಮ ಮನೆಗೂ ಬರುತ್ತೇವೆ.